ಇಸ್ತ್ರಿ ಅಕ್ಕ ಶ್ರೀಮಂತಳಾದದ್ದು

ಆ ದೇಶದಲ್ಲಿ ದುಡ್ಡಿಗೇನೂ ಬರವಿರಲಿಲ್ಲ. ಊರ ನಡುವಿನ ಕಟ್ಟಡಗಳು ಎಷ್ಟು ಎತ್ತರವಿದ್ದವೆಂದರೆ ಮೇಲಿನ ಮಹಡಿಯವರಿಗೆ ಕೆಳಗಿನವರು ಕಾಣಿಸುತ್ತಲೇ ಇರಲಿಲ್ಲ. ಹಾಗಾಗಿ ಕೆಳಗೆ ಯಾರೂ ಇಲ್ಲವೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ನಾಯಿಗಳಿಗೆ ಕ್ಷೌರದಂಗಡಿ ಇತ್ತು, ಬೆಕ್ಕುಗಳಿಗೆ ಹಲ್ಲಿನ ವೈದ್ಯರಿದ್ದರು. ಬಡತನವೂ ಇತ್ತೆನ್ನಿ. ಆದರೆ ಅದನ್ನು ನೋಡಿಕೊಳ್ಳಲು ಒಂದು ಇಲಾಖೆ, ಇಲಾಖೆಗೊಂದು ಗಾಜಿನ ಕಟ್ಟಡ, ಕಟ್ಟಡಕ್ಕೆ ಸದ್ದಿಲ್ಲದೆ ಏರುವ ಲಿಫ್ಟು ಎಲ್ಲವನ್ನೂ ಮಾಡಿಕೊಂಡಿದ್ದರು.

ಲಿಫ್ಟಿನ ಮಾತು ಯಾಕೆ ಬಂತೆಂದರೆ, ನಮ್ಮ ಇಸ್ತ್ರಿ ಅಕ್ಕ ಇದ್ದ ಕಟ್ಟಡದ ಲಿಫ್ಟು ಕೆಟ್ಟು ಎಷ್ಟು ಕಾಲವಾಗಿತ್ತೆಂದರೆ ಅದರೊಳಗೆ ಯಾರೋ ಸೈಕಲ್ಲು ನಿಲ್ಲಿಸಿಕೊಳ್ಳುತ್ತಿದ್ದರು. ಅವಳ ಮನೆ ಐದನೇ ಮಹಡಿಯಲ್ಲಿ. ಒಂದು ಕೋಣೆ, ಅದರ ಮೂಲೆಯಲ್ಲೇ ಒಲೆ, ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಬಚ್ಚಲು. ಊರಿನ ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಹೊದಿಕೆ, ದಿಂಬಿನ ಚೀಲ, ಮೇಜಿನ ಬಟ್ಟೆಗಳಿಗೆ ಇಸ್ತ್ರಿ ಹಾಕುವುದು ಅವಳ ಕೆಲಸ. ಹಬೆಯಲ್ಲಿ ನಿಂತು ನಿಂತು ಅವಳ ಮುಖ ಯಾವಾಗಲೂ ಈಗಷ್ಟೇ ಅತ್ತು ಎದ್ದವಳ ಹಾಗೆ ಕೆಂಪಗಿರುತ್ತಿತ್ತು. ನಿಜವಾಗಿ ಅಳಲು ಅವಳಿಗೆ ಪುರುಸೊತ್ತು ಎಲ್ಲಿತ್ತು?

ಗಂಡ ವ್ಯಾನಿನಲ್ಲಿ ಮನೆಮನೆಗೆ ಸಾಮಾನು ಮುಟ್ಟಿಸುತ್ತಿದ್ದ. ಕಂಪನಿಯವರು ದೊಡ್ಡ ಮನಸ್ಸಿನವರು, ಅವನನ್ನು ಕೆಲಸದವನೆಂದು ಕರೆದು ಅವಮಾನ ಮಾಡುತ್ತಿರಲಿಲ್ಲ, ಪಾಲುದಾರ ಎನ್ನುತ್ತಿದ್ದರು. ವ್ಯಾನಿನ ಕಂತು ಅವನ ಪಾಲು, ಪೆಟ್ರೋಲು ಅವನ ಪಾಲು, ತಡವಾದರೆ ದಂಡ ಅವನ ಪಾಲು, ಜ್ವರ ಬಂದು ಮಲಗಿದರೆ ಆ ದಿನದ ನಷ್ಟವೂ ಅವನದೇ ಪಾಲು. ಕಂಪನಿಯ ಪಾಲಿಗೆ ಉಳಿಯುತ್ತಿದ್ದುದು ಬರೀ ಲಾಭ, ಪಾಪ.

ಮನೆಯಲ್ಲಿದ್ದ ಮೂರನೆಯವಳು ಅತ್ತೆ. ಬಿದ್ದು ಸೊಂಟ ಮುರಿದುಕೊಂಡ ಮೇಲೆ ಆಕೆಗೆ ಒಬ್ಬಳೇ ಎದ್ದು ನಿಲ್ಲಲಾಗುತ್ತಿರಲಿಲ್ಲ. ನಾಲಿಗೆಗೆ ಮಾತ್ರ ಯಾವ ಪೆಟ್ಟೂ ಬಿದ್ದಿರಲಿಲ್ಲ. ಒಮ್ಮೆ ಮನೆಯಲ್ಲಿ ಯಾರೂ ಇಲ್ಲದಾಗ ಚಹಾ ಮಾಡಿಕೊಳ್ಳಲು ಹೋಗಿ ಒಲೆಯ ಪಕ್ಕ ಕುಸಿದು, ಸೊಸೆ ಕೆಲಸದಿಂದ ಬರುವ ತನಕ ತಣ್ಣನೆಯ ನೆಲದ ಮೇಲೇ ಬಿದ್ದಿದ್ದಳು. ಬಾಗಿಲು ತೆಗೆದು ಕಿರುಚಿಕೊಂಡ ಸೊಸೆಗೆ ಆಕೆ ಹೇಳಿದ ಮೊದಲ ಮಾತು, "ಒಲೆ ಹಚ್ಚಿರ್ಲಿಲ್ಲ ಕಣೇ, ಗಾಬರಿ ಬೀಳ್ಬೇಡ." ಅವತ್ತಿನಿಂದ ಹೋಟೆಲಿನಲ್ಲಿ ಬೆನ್ನ ಹಿಂದೆ ಬಕೆಟ್ಟು ಉರುಳಿದರೂ ಇಸ್ತ್ರಿ ಅಕ್ಕನ ಎದೆ ಧಸಕ್ಕೆನ್ನುತ್ತಿತ್ತು.

ಆಮೇಲೆ ಇಲಾಖೆಯ ಬಾಗಿಲಿಗೆ ಅಲೆದಲೆದು ಅವಳು ಒಂದು ನೆರವು ಗಿಟ್ಟಿಸಿಕೊಂಡಳು. ಕಟ್ಟಡದಲ್ಲಿ ಒಬ್ಬೊಬ್ಬರಿಗೆ ಒಂದೊಂದು ನೆರವು. ಕೆಲವರಿಗೆ ಬಾಡಿಗೆಯಲ್ಲಿ ಅರ್ಧ, ಕೆಲವರಿಗೆ ಔಷಧ. ಇಸ್ತ್ರಿ ಅಕ್ಕನಿಗೆ ಸಿಕ್ಕಿದ್ದು, ಹಗಲು ಹೊತ್ತು ಅತ್ತೆಯನ್ನು ನೋಡಿಕೊಳ್ಳಲು ಒಬ್ಬ ದಾದಿ. ದಾದಿ ಬಂದರೆ ಇವಳು ಕೆಲಸಕ್ಕೆ, ಇವಳು ಕೆಲಸಕ್ಕೆ ಹೋದರೆ ಒಲೆಯ ಮೇಲೆ ಪಾತ್ರೆ. ಸಂಸಾರವೆಲ್ಲ ಆ ದಾದಿಯ ಎರಡು ಕಾಲಿನ ಮೇಲೆ ನಿಂತಿತ್ತು.

ನೆರವು ಬಡವರಿಗೆ ಮಾತ್ರ ಎಂಬುದು ನಿಯಮ. ಸರಿಯಾದ ಮಾತೇ. ಅದಕ್ಕಾಗಿ ಇಲಾಖೆಯವರು ಒಂದು ಗೆರೆ ಎಳೆದಿದ್ದರು. ಗೆರೆಯ ಕೆಳಗಿದ್ದರೆ ದಾದಿ ಬರುತ್ತಾಳೆ. ಕೂದಲೆಳೆಯಷ್ಟು ಮೇಲೆ ಹೋದರೂ ಬರುವುದಿಲ್ಲ. ಅರ್ಧ ದಿನ ಬರುತ್ತಾಳೆ, ವಾರಕ್ಕೆರಡು ಸಲ ಬರುತ್ತಾಳೆ ಎಂಬ ಏರ್ಪಾಟು ಅಷ್ಟೊಂದು ಓದಿದವರ ತಲೆಗೆ ಹೊಳೆದಿರಲಿಲ್ಲ. ಹಾಗಾಗಿ ಬಡತನದಲ್ಲೂ ಒಂದು ಹದ ಇಟ್ಟುಕೊಂಡು ಬದುಕಬೇಕಿತ್ತು.

ಒಂದು ದಿನ ಹೋಟೆಲಿನ ಮ್ಯಾನೇಜರು ಅವಳನ್ನು ಕರೆಸಿದರು.

"ನಿನ್ನ ಕೆಲಸ ಅಚ್ಚುಕಟ್ಟಮ್ಮ. ಇಸ್ತ್ರಿಯವರಿಗೆಲ್ಲ ನಿನ್ನನ್ನೇ ಮೇಲ್ವಿಚಾರಕಿ ಮಾಡೋಣ ಅಂತಿದೀವಿ. ಸಂಬಳ ಸ್ವಲ್ಪ ಜಾಸ್ತಿಯಾಗುತ್ತೆ."

ಇಸ್ತ್ರಿ ಅಕ್ಕ ಕೈಮುಗಿದಳು. "ಬೇಡ ಸಾರ್, ದಮ್ಮಯ್ಯ."

"ಬೇಡ್ವಾ? ಸಂಬಳ ಬೇಡ ಅಂತೀಯಾ?"

"ಸ್ವಲ್ಪ ಜಾಸ್ತಿ ಆದ್ರೆ ದಾದಿ ಹೋಗ್ಬಿಡ್ತಾಳೆ ಸಾರ್. ತುಂಬಾ ಜಾಸ್ತಿ ಮಾಡೋದಾದ್ರೆ ಹೇಳಿ, ನಾನೇ ಒಬ್ಬಳನ್ನ ಇಟ್ಕೋತೀನಿ."

ಎಂಜಲು ಕೈಯಲ್ಲಿ ಕಾಗೆ ಓಡಿಸದ ಹೋಟೆಲು ಅದು. "ತುಂಬಾ" ಎಂಬ ಪದ ಕೇಳಿಯೇ ಮ್ಯಾನೇಜರಿಗೆ ಕೆಮ್ಮು ಹತ್ತಿಕೊಂಡಿತು. ಈ ಜನಕ್ಕೆ ಮೇಲೆ ಬರುವ ಆಸೆಯೇ ಇಲ್ಲವೆಂದು ಅವರು ಆಮೇಲೆ ನಾಲ್ಕು ಜನರ ಮುಂದೆ ಮರುಗಿದರಂತೆ. ಅದೇ ವಾರ ಹೋಟೆಲಿನ ಸಭಾಂಗಣದಲ್ಲಿ, ಬಡವರು ಯಾಕೆ ಮೇಲೆ ಬರುತ್ತಿಲ್ಲ ಎಂಬ ವಿಷಯವಾಗಿ ಪಂಡಿತರ ದೊಡ್ಡ ಸಭೆ. ಮೇಜಿನ ಬಟ್ಟೆಗಳಿಗೆ ಇಸ್ತ್ರಿ ಹಾಕಿದ್ದು ಇವಳೇ. ಊಟ ಬಹಳ ಚೆನ್ನಾಗಿತ್ತಂತೆ; ಬಟ್ಟೆಯ ಮೇಲಿನ ಕಲೆಗಳನ್ನು ನೋಡಿಯೇ ಅವಳಿಗೆ ಗೊತ್ತಾಯಿತು.

ಇನ್ನು ಸೋಫಾದ ಕಥೆಗೆ ಬರೋಣ.

ಇಲಾಖೆಯ ಪರಿಶೀಲಕರು ಆಗಾಗ ಮನೆ ನೋಡಲು ಬರುತ್ತಿದ್ದರು. ನೆರವು ತೆಗೆದುಕೊಳ್ಳುವವರ ಮನೆಯಲ್ಲಿ ಮೆತ್ತಗಿರುವುದು, ಹೊಳೆಯುವುದು, ತಾನಾಗಿ ತಿರುಗುವುದು ಏನಾದರೂ ಕಂಡರೆ ಬರೆದುಕೊಳ್ಳುತ್ತಿದ್ದರು. ಬಡವನಾದವನು ಗಟ್ಟಿ ಕುರ್ಚಿಯ ಮೇಲೇ ಕೂರಬೇಕು, ಬಟ್ಟೆ ಕೈಯಲ್ಲೇ ಒಗೆಯಬೇಕು; ಇಲ್ಲವಾದರೆ ಅವನ ಬಡತನದ ಮೇಲೆ ಇಲಾಖೆಗೆ ಅನುಮಾನ. ಹಾಗಂತ ಕಟ್ಟಡದವರು ಸಾಮಾನನ್ನು ಬೀದಿಗೆಸೆಯಲು ಆಗುತ್ತದೆಯೇ? ಯಾವ ಮನೆಗೆ ಯಾವತ್ತು ಬರುತ್ತೇವೆಂದು ಇಲಾಖೆಯವರು ಮೊದಲೇ ತಿಳಿಸುತ್ತಿದ್ದರು. ಹಿಂದಿನ ಸಂಜೆ ಆ ಮನೆಯ ಒಳ್ಳೊಳ್ಳೆಯ ಸಾಮಾನೆಲ್ಲ ಸರದಿ ಬಾರದ ಇನ್ನೊಂದು ಮನೆಗೆ ಹೊರಡುತ್ತಿತ್ತು. ಹೊರಲು ಕರೆಯಬೇಕಾಗಿರಲಿಲ್ಲ, ಮೆಟ್ಟಿಲ ಮೇಲೆ ಸದ್ದಾದರೆ ಸಾಕು, ತೋಳೇರಿಸಿಕೊಂಡು ಜನ ಬರುತ್ತಿದ್ದರು. ವರ್ಷವಿಡೀ ಮಾತು ಬಿಟ್ಟವರೂ ಆ ಸಂಜೆ ಒಂದೇ ಬೀರುವಿನ ಎರಡು ತುದಿ ಹಿಡಿಯುತ್ತಿದ್ದರು.

ಈ ಸಾಮಾನುಗಳಲ್ಲಿ ದೊಡ್ಡ ಯಾತ್ರಿಕನೆಂದರೆ ಮೂರನೇ ಮಹಡಿಯ ದರ್ಜಿಯ ಹಸಿರು ಸೋಫಾ. ದೊಡ್ಡವರ ಬೀದಿಯಲ್ಲಿ ಯಾರೋ ಬಣ್ಣ ಬೇಸರವಾಯಿತೆಂದು ಹೊರಗಿಟ್ಟಿದ್ದನ್ನು ಅವನು ಹೊತ್ತು ತಂದು, ತಾನೇ ಹೊಸ ಬಟ್ಟೆ ಹೊಲಿದು ಹಾಕಿದ್ದ. ಅದು ಹತ್ತದ ಮಹಡಿಯಿಲ್ಲ, ಮಲಗದ ಮನೆಯಿಲ್ಲ. ಮೆಟ್ಟಿಲ ತಿರುವುಗಳಲ್ಲಿ ಉಜ್ಜಿ ಉಜ್ಜಿ ಅದರ ಒಂದು ಮೂಲೆ ಸವೆದೇ ಹೋಗಿತ್ತು.

ಆ ಸಲ ದರ್ಜಿಯ ಮನೆಗೂ, ಅವನ ಎದುರು ಮನೆಯ ಶಾಲೆಯ ಆಯಾಳ ಮನೆಗೂ ಒಂದೇ ದಿನ ಪರಿಶೀಲನೆ. ಇಸ್ತ್ರಿ ಅಕ್ಕನ ಸರದಿ ಮುಂದಿನ ವಾರ. ಹಾಗಾಗಿ ಎರಡೂ ಮನೆಯ ವೈಭವ ಅವಳ ಒಂದೇ ಕೋಣೆಗೆ ಬಂದು ಬಿತ್ತು. ಸೋಫಾ, ಎರಡು ಟಿವಿ, ಕೋಣೆಯ ನಟ್ಟನಡುವೆ ನೀರಿನ ನಂಟಿಲ್ಲದೆ ನಿಂತ ಬಟ್ಟೆ ಒಗೆಯುವ ಯಂತ್ರ. ಅತ್ತೆಯಂತೂ ಬೆಳಗ್ಗೆಯಿಂದ ಪಟ್ಟಕ್ಕೇರಿದವಳ ಹಾಗೆ ಸೋಫಾದ ಮೇಲೆ ವಿರಾಜಮಾನಳಾಗಿದ್ದಳು. ಇಸ್ತ್ರಿ ಅಕ್ಕನಿಗೆ ಅವತ್ತು ರಜೆ.

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಪರಿಶೀಲನೆ ಮುಗಿದು ದರ್ಜಿ ಸೋಫಾ ಒಯ್ಯಲು ಬಂದನೆಂದು ಇವಳು ಬಾಗಿಲನ್ನು ಹಾರುಹೊಡೆದು, "ಬನ್ನಿ ಅಣ್ಣ, ಆ ತುದಿ ಹಿಡ್ಕೊಳ್ಳಿ" ಎಂದಳು.

ಹೊರಗೆ ನಿಂತಿದ್ದವರು ಇಲಾಖೆಯ ಪರಿಶೀಲಕ ಸಾಹೇಬರು. ಐದು ಮಹಡಿ ಹತ್ತಿ ಕನ್ನಡಕದ ಗಾಜಿನ ಮೇಲೆ ಆವಿ ಕಟ್ಟಿತ್ತು.

"ಮುಂದಿನ ವಾರ ಬರಬೇಕಿತ್ತು. ಹೇಗೂ ಇಲ್ಲಿವರೆಗೆ ಬಂದಿದೀನಲ್ಲ, ಇದನ್ನೂ ಮುಗಿಸಿಬಿಡೋಣ ಅಂತ." ಕನ್ನಡಕ ಒರೆಸಿಕೊಂಡು ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. "ಈ ಸೋಫಾ ನಿಮ್ಮದೇನಾ?"

ಇಸ್ತ್ರಿ ಅಕ್ಕ ಸಾಹೇಬರಿಗೂ ಸೋಫಾಕ್ಕೂ ನಡುವೆ ಬಂದು ನಿಂತಳು. ಅಷ್ಟರಲ್ಲಿ ಅತ್ತೆ, "ನಮ್ಮದಲ್ದೆ ಇನ್ಯಾರದು? ನನ್ನ ಮಗ ತಂದ್ಕೊಟ್ಟಿದ್ದು" ಎಂದುಬಿಟ್ಟಳು.

"ಟಿವಿ ಎರಡಿದೆ."

"ನನಗೊಂದು, ಸೊಸೆಗೊಂದು. ಜಗಳ ಆಗ್ಬಾರ್ದಲ್ಲ ಸಾಹೇಬ್ರೇ."

"ಈ ಮಿಷಿನ್ನು?"

"ಹೊಸದು. ಇನ್ನೂ ಜೋಡಿಸ್ಬೇಕು."

ಸಾಹೇಬರ ಬೆನ್ನ ಹಿಂದೆ, ಮೆಟ್ಟಿಲ ತಿರುವಿನಲ್ಲಿ ದರ್ಜಿ ನಿಂತಿದ್ದುದು ಇಸ್ತ್ರಿ ಅಕ್ಕನಿಗೆ ಕಂಡಿತು. ನಿಜ ಹೇಳಿದರೆ ಇವನ ಬಾಡಿಗೆಯ ನೆರವು ಹೋಗುತ್ತದೆ, ಮೂರು ಮಕ್ಕಳನ್ನು ಕಟ್ಟಿಕೊಂಡು ಇವನು ಎಲ್ಲಿಗೆ ಹೋಗಬೇಕು? ನಿಜ ಅವಳ ಗಂಟಲವರೆಗೆ ಬಂದಿತ್ತು. ನುಂಗಿಕೊಂಡಳು.

ಸಾಹೇಬರು ಬರೆದುಕೊಂಡು ಇಳಿದುಹೋದರು. ಬಾಗಿಲು ಹಾಕಿ ಇವಳು ಅತ್ತೆಯ ಮೇಲೆ ಹರಿಹಾಯ್ದಳು.

"ನಿಮಗೇನಾದ್ರೂ ಬುದ್ಧಿ ಇದ್ಯಾ ಅತ್ತೆ? ಏನು ಮಾಡ್ಬಿಟ್ರಿ!"

"ಮತ್ತೇನು ಹೇಳ್ಲಿ? ದರ್ಜಿದು ಅಂತ ಹೇಳಿ ಅವನ ಮಕ್ಕಳನ್ನ ಬೀದಿಗೆ ಹಾಕ್ಲಾ?"

"ಸುಮ್ನೆ ಇರ್ಬೋದಿತ್ತಲ್ಲ. ಮಗ ತಂದ್ಕೊಟ್ಟ, ನನಗೊಂದು ಸೊಸೆಗೊಂದು! ಅದೆಲ್ಲ ಯಾಕೆ ಬೇಕಿತ್ತು?"

ಅತ್ತೆ ಸೋಫಾದ ಬಟ್ಟೆಯನ್ನು ಅಂಗೈಯಿಂದ ಸವರಿದಳು. "ಒಂದ್ಸಲನಾದ್ರೂ ನಮ್ಮದು ಅಂತ ಹೇಳ್ಬೇಕು ಅನ್ನಿಸ್ತು ಕಣೇ."

ಸೊಸೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು, ಪುರುಸೊತ್ತು ಮಾಡಿಕೊಂಡು ಅತ್ತಳು.

ಇಲಾಖೆ ತಡಮಾಡಲಿಲ್ಲ. ಕೊಡುವುದಕ್ಕೆ ವರ್ಷ ಹಿಡಿಯುವ ಕಡೆ ಕಿತ್ತುಕೊಳ್ಳುವುದಕ್ಕೆ ವಾರ ಸಾಕು. ಫೋನಿನಲ್ಲಿ ಒಂದು ಇಂಪಾದ ದನಿ ಅವಳನ್ನು ಅಭಿನಂದಿಸಿತು: ನಿಮ್ಮ ಕುಟುಂಬ ಬಡತನದಿಂದ ಮೇಲೆ ಬಂದಿದೆ. ಮರುದಿನ ದಾದಿ ವಿದಾಯ ಹೇಳಲು ಬಂದಳು. "ಹೀಗೇ ಬೇರೆ ಕಟ್ಟಡಗಳಲ್ಲೂ ಏಳೆಂಟು ಮನೆ ಮೇಲೆ ಬಂದ್ವಂತೆ ಅಕ್ಕ. ನನ್ನನ್ನ ಕಳ್ಸೋಕೆ ಇನ್ನು ಮನೆಯೇ ಉಳಿದಿಲ್ವಂತೆ. ಈಗ ನಾನೇ ನೆರವು ಕೇಳ್ಬೇಕು" ಎಂದಳು. ಒಬ್ಬಳನ್ನು ಕೆಳಗೆ ತಳ್ಳಿ ಏಳೆಂಟು ಮನೆಯನ್ನು ಮೇಲೆತ್ತಿದರೆ ಲೆಕ್ಕದಲ್ಲಿ ಲಾಭವೇ ತಾನೇ?

ಇಸ್ತ್ರಿ ಅಕ್ಕ ಗಾಜಿನ ಕಟ್ಟಡಕ್ಕೆ ಹೋಗಿ ನಿಂತಳು. ಕಿಟಕಿಯ ಆಚೆ ಕೂತಿದ್ದವಳು ಬಹಳ ಮರ್ಯಾದೆಯಿಂದಲೇ ವಿವರಿಸಿದಳು. "ನೀವೀಗ ಮೇಲೆ ಬಂದಿದೀರ ಅಮ್ಮ. ಮತ್ತೆ ಬಡವರಾಗ್ಬೇಕಂದ್ರೆ ಆರು ತಿಂಗಳು ಬಡತನದಲ್ಲಿದ್ದು ತೋರಿಸ್ಬೇಕು."

"ಆರು ತಿಂಗಳು ನಮ್ಮತ್ತೆನ ಯಾರು ನೋಡ್ಕೋತಾರೆ?"

"ನೀವೇ ಕೆಲಸ ಬಿಟ್ಟು ನೋಡ್ಕೊಳ್ಳಿ. ಆಗ ಬಡವರಾಗೋದು ಸುಲಭ ಆಗುತ್ತೆ."

ಎಂಥ ಉಪಾಯ! ಅದನ್ನು ಹೇಳುವಾಗ ಆಕೆ ನಗಲೂ ಇಲ್ಲ. ಇವಳು ಅಲ್ಲಿಂದ ನೇರ ಮ್ಯಾನೇಜರ ಬಳಿಗೆ ಓಡಿ, ಆ ಮೇಲ್ವಿಚಾರಕಿ ಕೆಲಸ ಈಗ ಕೊಡಿ ಸಾರ್ ಎಂದರೆ, ಆ ಹುದ್ದೆಯನ್ನೇ ತೆಗೆದುಹಾಕಿದ್ದರು. ಪಾಲುದಾರ ಗಂಡ ಒಂದು ದಿನ ಮನೆಯಲ್ಲಿ ಉಳಿದ. ಕಂಪನಿ ಅವನ ಪಾಲಿಗೊಂದು ದಂಡ ಸೇರಿಸಿತು. ಉಳಿದ ದಿನ ಇವಳೇ ರಜೆ ಹಾಕಿದಳು. ಸೋಮವಾರದಿಂದ ಬರದಿದ್ದರೆ ಮತ್ತೆ ಬರುವುದೇ ಬೇಡವೆಂದು ಹೋಟೆಲಿನಿಂದ ಹೇಳಿಕಳಿಸಿದರು. ಅತ್ತೆ ಒಬ್ಬಳೇ ಇರುತ್ತೇನೆಂದು ಹಟ ಹಿಡಿದಳು. ಒಲೆಯ ಪಕ್ಕದ ನೆಲ ಕಣ್ಣಿಗೆ ಕಟ್ಟಿ ಇಸ್ತ್ರಿ ಅಕ್ಕ ಅದಕ್ಕೆ ಒಪ್ಪಲಿಲ್ಲ.

ಆ ಸೋಮವಾರಕ್ಕೆ ಮೊದಲಿನ ಭಾನುವಾರ ಅವಳಿಗೆ ಸನ್ಮಾನ. ಹೌದು, ಸನ್ಮಾನ. ಮೇಲೆ ಬಂದವರನ್ನು ಗೌರವಿಸುವ ಸಮಾರಂಭ, ಅದೂ ಅವಳದೇ ಹೋಟೆಲಿನಲ್ಲಿ. ಬರದಿದ್ದರೆ ಮುಂದೆ ಅರ್ಜಿ ಹಾಕುವಾಗ ತೊಂದರೆಯಾದೀತೆಂದು ಅದೇ ಇಂಪಾದ ದನಿ ಹೇಳಿತ್ತು. ಇಷ್ಟು ವರ್ಷ ಹಿಂಬಾಗಿಲಿನಿಂದ ನುಗ್ಗುತ್ತಿದ್ದವಳು ಅವತ್ತು ಮುಂಬಾಗಿಲಿನಿಂದ ಹೋದಳು. ದಿನಾ ಅವಳ ಚೀಲ ತಡಕುತ್ತಿದ್ದ ಕಾವಲುಗಾರ ಸಲಾಂ ಹೊಡೆದು, ಗುರುತು ಸಿಕ್ಕಿದ ಮೇಲೆ ನಾಲಿಗೆ ಕಚ್ಚಿಕೊಂಡ.

ವೇದಿಕೆಯ ಮೇಲೆ ಇಲಾಖೆಯ ದೊಡ್ಡವರು ಮಾತಾಡಿದರು. ಒಂದೇ ವರ್ಷದಲ್ಲಿ ಬಡತನ ಎಷ್ಟೋ ಕಡಿಮೆಯಾಯಿತೆಂದರು, ಛಲ ಬೇಕೆಂದರು, ಕನಸು ಕಾಣಬೇಕೆಂದರು. ಅವರ ಮುಂದಿನ ಮೇಜಿನ ಬಟ್ಟೆಯಲ್ಲಿ ಒಂದು ದೊಡ್ಡ ಸುಕ್ಕು. ತಾನು ರಜೆಯಲ್ಲಿದ್ದಾಗ ಯಾರೋ ಅರೆಬರೆ ಇಸ್ತ್ರಿ ಹಾಕಿದ್ದಾರೆ. ಇಸ್ತ್ರಿ ಅಕ್ಕನಿಗೆ ಭಾಷಣ ಕಿವಿಗೆ ಬೀಳಲಿಲ್ಲ, ಆ ಸುಕ್ಕೇ ಕಣ್ಣಿಗೆ ಚುಚ್ಚುತ್ತಿತ್ತು. ಆಮೇಲೆ ಅವಳ ಕೈಗೆ ಮೈಕು ಕೊಟ್ಟರು.

"ನೀವು ಬಡತನದಿಂದ ಹೊರಗೆ ಬಂದದ್ದು ಹೇಗೆ? ಎರಡು ಮಾತು ಹೇಳಿ ಅಮ್ಮ."

"ನಮ್ಮತ್ತೆ ಸೋಫಾ ಮೇಲೆ ಕೂತ್ರು ಸಾರ್. ಬಡತನ ಹೋಯ್ತು."

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಬಡವರಲ್ಲೂ ಎಂಥ ಹಾಸ್ಯಪ್ರಜ್ಞೆ ಎಂದು ದೊಡ್ಡವರು ಚಪ್ಪಾಳೆ ತಟ್ಟಿದರು. ಸತ್ಯ ಹೇಳಿಯೂ ದರ್ಜಿಯನ್ನು ಉಳಿಸಿಕೊಂಡು ಇವಳು ಮೆಟ್ಟಿಲಿಳಿದಳು. ಇಳಿಯುವಾಗ ಕೈ ತಡೆಯದೆ ಆ ಸುಕ್ಕನ್ನೊಮ್ಮೆ ಅಂಗೈಯಿಂದ ನೀವಿಬಿಟ್ಟಳು.

ಮನೆಗೆ ಬಂದರೆ ಶಾಲೆಯ ಆಯಾ ಮತ್ತು ದರ್ಜಿ ಬಾಗಿಲಲ್ಲೇ ಕಾದಿದ್ದರು. ದರ್ಜಿ ತಲೆ ಎತ್ತಲಿಲ್ಲ. ಮಾತು ತೆಗೆದವಳು ಆಯಾ, ಅದೂ ತನ್ನ ಸ್ವಂತ ಕೆಲಸಕ್ಕೆ.

"ಅಲ್ಲಾ, ಇನ್ಮೇಲೆ ನಿಮ್ಮನೆಗೆ ಯಾರೂ ನೋಡೋಕೆ ಬರಲ್ಲ ತಾನೇ?"

"ಯಾಕೆ ಬರ್ತಾರೆ? ನಾವು ಶ್ರೀಮಂತರು."

"ಹಾಗಾದ್ರೆ ನಮ್ಮ ಮಿಷಿನ್ನು ಇಲ್ಲೇ ಇರ್ಲಿ ಬಿಡಿ. ಹತ್ತಿಸಿ ಇಳಿಸಿ ನನ್ನ ಬೆನ್ನು ಬಿದ್ದೋಯ್ತು. ನಾನೇ ಬಂದು ಒಕ್ಕೊಂಡು ಹೋಗ್ತೀನಿ. ಶಾಲೆ ಗುಡಿಸೋದು ಮುಗಿಸಿ ಬೆಳಗ್ಗೆ ಹೊತ್ತು ಬರ್ತೀನಿ, ಅಜ್ಜಿನೂ ನೋಡ್ಕೊಂಡ ಹಾಗಾಯ್ತು."

ದರ್ಜಿ ಆಗ ತಲೆ ಎತ್ತಿದ. "ಸೋಫಾನೂ ಇಲ್ಲೇ ಇರ್ಲಿ ಅಕ್ಕ. ಕಾಜಾ ಹಾಕೋದು, ಗುಂಡಿ ಹಚ್ಚೋದು ಎಲ್ಲಿ ಕೂತು ಮಾಡಿದ್ರೇನು? ಮಧ್ಯಾಹ್ನ ಇಲ್ಲೇ ಬಂದು ಕೂತ್ಕೋತೀನಿ."

ಸುದ್ದಿ ಮೆಟ್ಟಿಲಿಳಿಯಲು ಎಷ್ಟು ಹೊತ್ತು? ವಾರದೊಳಗೆ ಕಟ್ಟಡದ ಮೆತ್ತಗಿನದು, ಹೊಳೆಯುವುದು, ತಿರುಗುವುದು ಎಲ್ಲವೂ ಐದನೇ ಮಹಡಿಗೆ ಬಂದು ಕಾಯಂ ಬೀಡುಬಿಟ್ಟವು. ಸಾಮಾನಿನ ಹಿಂದೆ ಜನ. ಟಿವಿಗೆಂದು ಒಬ್ಬಳು, ಫ್ರಿಜ್ಜಿನಲ್ಲಿಟ್ಟ ಹಾಲಿಗೆಂದು ಇನ್ನೊಬ್ಬಳು. ಅತ್ತೆಯನ್ನು ಎಬ್ಬಿಸಿ ಕೂರಿಸಲು ಹೊತ್ತುಹೊತ್ತಿಗೂ ಒಂದು ಕೈ ಇತ್ತು. ಅದಕ್ಕೂ ಮೊದಲೇ, ಸನ್ಮಾನದ ಮರುದಿನದ ಸೋಮವಾರವೇ ಇಸ್ತ್ರಿ ಅಕ್ಕ ಕೆಲಸಕ್ಕೆ ಹೋಗಿದ್ದಳು. ಬಡತನ ತಗ್ಗಿಸುವ ಬಗೆಯನ್ನು ಪಂಡಿತರು ಸಭಾಂಗಣದಲ್ಲಿ ಹುಡುಕುತ್ತಿದ್ದರಲ್ಲ, ಅದು ಇಲ್ಲಿ ಹೊದಿಕೆ ಮಡಿಸುತ್ತ ಟಿವಿ ನೋಡುತ್ತಿತ್ತು. ಹಾಗಂತ ಅವಳು ಹಾಯಾಗಿದ್ದಳೆಂದು ಯಾರೂ ತಿಳಿಯಬೇಡಿ. ಕಟ್ಟಡದಲ್ಲಿ ಎಲ್ಲರಿಗಿಂತ ಹೆಚ್ಚು ಸಾಮಾನಿದ್ದ ಮನೆ ಅವಳದು, ನೆರವಿಲ್ಲದ ಮನೆಯೂ ಅವಳದೊಂದೇ.

ಒಂದು ತೂತು ಮಾತ್ರ ಮುಚ್ಚಲಾಗಲಿಲ್ಲ. ಗುರುವಾರ ಮಧ್ಯಾಹ್ನ ದರ್ಜಿ ಬಟ್ಟೆ ಕೊಡಲು ಅಂಗಡಿಗಳಿಗೆ ಹೋಗುತ್ತಿದ್ದ, ಆಯಾಗೆ ಶಾಲೆಯ ಪಾಳಿ, ಉಳಿದವರಿಗೂ ಒಂದಲ್ಲ ಒಂದು ತಾಪತ್ರಯ. ಪ್ರತಿ ಗುರುವಾರ ಇಸ್ತ್ರಿ ಅಕ್ಕ ಊಟದ ಹೊತ್ತಿಗೆ ಮನೆಗೆ ಓಡಿಬರುತ್ತಿದ್ದಳು. ಮ್ಯಾನೇಜರು ಸಂಬಳ ಕಡಿದರು, ಗೊಣಗಿದರು, ಕೊನೆಗೆ, "ಇನ್ನೊಂದು ಗುರುವಾರ ಹೀಗಾದ್ರೆ ಬೇರೆಯವಳನ್ನ ನೋಡ್ಕೋತೀವಿ" ಎಂದರು.

ಆ ಇನ್ನೊಂದು ಗುರುವಾರ ಬಂತು. ಅವಳು ಅತ್ತೆಗೆ ಊಟ ಕೊಟ್ಟು, ಹೋಗುವುದೋ ಇರುವುದೋ ತಿಳಿಯದೆ ಚೀಲ ಹಿಡಿದು ನಿಂತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಸಾಹೇಬರು. ಈ ಸಲ ಅವರ ತಲೆಯ ಮೇಲೆ ಒಂದು ಮೆತ್ತೆಯ ಆರಾಮಕುರ್ಚಿ ಇತ್ತು.

ಕುರ್ಚಿ ಇಳಿಸಿ, ಏದುಸಿರು ಬಿಡುತ್ತ ಅವರು ಹೇಳಿದರು. "ಬಡತನ ಕಡಿಮೆ ಆಯ್ತಲ್ಲಮ್ಮ. ಇನ್ನು ಇಷ್ಟೊಂದು ಪರಿಶೀಲಕರು ಯಾಕೆ ಅಂತ ನಮ್ಮನ್ನ ತೆಗೆದ್ರು. ಬಾಡಿಗೆಗೆ ನೆರವು ಕೇಳಿದೀನಿ. ನಾಳೆ ನಮ್ಮನೆ ನೋಡೋಕೆ ಬರ್ತಾರೆ. ಇದು ನಮ್ಮಪ್ಪನ ಕುರ್ಚಿ. ಎರಡು ದಿನ ಇಟ್ಕೋತೀರಾ?"

"ಇಲ್ಲಿಗೇ ತರಬಹುದು ಅಂತ ನಿಮಗೆ ಹೇಗೆ ಗೊತ್ತು?"

ಸಾಹೇಬರು ನೆಲ ನೋಡಿದರು. "ಆ ಸೋಫಾನ ನಾನು ಈ ಕಟ್ಟಡದ ಎಷ್ಟೋ ಮನೇಲಿ ನೋಡಿದೀನಮ್ಮ. ಕಂಡರೂ ಕಾಣದ ಹಾಗೆ ಬಂದುಬಿಡ್ತಿದ್ದೆ. ಆದ್ರೆ ಆ ತಿಂಗಳು ಇಷ್ಟು ಮನೆ ಮೇಲೆ ಬಂದಿರ್ಲೇಬೇಕು ಅಂತ ಮೇಲಿಂದ ಹೇಳಿದ್ರು. ನನಗೆ ಒಂದು ಮನೆ ಕಮ್ಮಿ ಬಿದ್ದಿತ್ತು."

ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಬರೆದಿದ್ದ! ಇಸ್ತ್ರಿ ಅಕ್ಕನ ಮೈಯೆಲ್ಲ ಉರಿದುಹೋಯಿತು. ಆ ಕುರ್ಚಿಯನ್ನೂ ಅದರ ಯಜಮಾನನನ್ನೂ ಐದು ಮಹಡಿ ಉರುಳಿಸಿಬಿಡಬೇಕೆಂದು ಕೈ ತುರಿಸಿತು. ಒಳಗಿನಿಂದ ಅತ್ತೆ ಕೂಗಿದಳು, "ಯಾರೇ ಅದು?"

"ನಮ್ಮನ್ನ ಶ್ರೀಮಂತರು ಮಾಡಿದ ಸಾಹೇಬ್ರು ಅತ್ತೆ."

"ಅಯ್ಯೋ, ಹೊರಗ್ಯಾಕೆ ನಿಲ್ಸಿದೀಯಾ? ಒಳಗೆ ಕರಿ."

ಇಸ್ತ್ರಿ ಅಕ್ಕ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಂಗಿಯ ಕಾಲರು ಸುಕ್ಕುಗಟ್ಟಿತ್ತು, ಬೆವರಿಗೆ ಬೆನ್ನು ತೊಯ್ದಿತ್ತು. ಸಿಟ್ಟು ಇಳಿಯಲಿಲ್ಲ. ಆದರೆ ಗಡಿಯಾರ ಓಡುತ್ತಿತ್ತು.

"ಗುರುವಾರ ಮಧ್ಯಾಹ್ನ ನಿಮಗೇನಾದ್ರೂ ಕೆಲಸ ಇದ್ಯಾ ಸಾರ್?"

"ಈಗ ನನಗೆ ಯಾವ ವಾರಾನೂ ಕೆಲಸ ಇಲ್ಲಮ್ಮ."

"ಹಾಗಾದ್ರೆ ಕುರ್ಚಿ ಸೋಫಾ ಪಕ್ಕ ಹಾಕ್ಕೊಂಡು ಕೂತ್ಕೊಳ್ಳಿ. ನಾನು ಬರೋವರೆಗೆ ಏಳ್ಬೇಡಿ. ಪ್ರತಿ ಗುರುವಾರ. ಅತ್ತೆ ಏಳೋಕೆ ಹೋದ್ರೆ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಕೈ ಹಿಡಿದು ಎಳೀಬೇಡಿ. ಎಳೆದ್ರೋ, ನಿಮ್ಮ ಕುರ್ಚಿ ಬೀದೀಲಿರುತ್ತೆ."

ಸಾಹೇಬರು ತಲೆಯಾಡಿಸಿ, ಚಪ್ಪಲಿ ಕಳಚಿ, ಕುರ್ಚಿ ಎತ್ತಿಕೊಂಡು ಒಳಗೆ ಹೋದರು. ಇಸ್ತ್ರಿ ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು ದಡಬಡ ಮೆಟ್ಟಿಲಿಳಿಯತೊಡಗಿದಳು. ನಾಲ್ಕನೇ ಮಹಡಿಯ ತಿರುವಿನವರೆಗೂ ಅತ್ತೆಯ ದನಿ ಕೇಳಿಸಿತು.

"ಚೆನ್ನಾಗಿದೆಯಪ್ಪ ಕುರ್ಚಿ. ನಿಮ್ಮದೇನಾ?"

ಇಸ್ತ್ರಿ ಅಕ್ಕ ಕೆಲಸಕ್ಕೆ ತಡವಾಗುತ್ತಿದ್ದರೂ ಕಂಬಿ ಹಿಡಿದು ನಿಂತಳು. ಮೇಲೆ ಕುರ್ಚಿಯನ್ನು ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಸಾಹೇಬರ ದನಿ ಮೆಲ್ಲಗೆ ಬಂತು.

"ಅಲ್ಲಮ್ಮ. ನಿಮ್ಮದೇ."